ಡೋಲಿನ ಎಡಭಾಗ

ಅಕ್ಟೋಬರ್ ೩, ೧೯೮೪. ಬುಧವಾರ

ಬೆಳಿಗ್ಗೆ ಹನ್ನೆರಡು ಪುಟ ತಿದ್ದಿದೆ. "ಅಳತೆಯನ್ನು ಕೈಗೊಳ್ಳಲಾಯಿತು", "ಪರಿಶೀಲನೆಯನ್ನು ನಡೆಸಲಾಯಿತು" — ಯಾರು ಕೈಗೊಂಡರು, ಯಾರು ನಡೆಸಿದರು? ಈ ಪರಮಾಣು ಸಂಶೋಧನಾ ಸಂಸ್ಥೆಯಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ತಾನಾಗಿ ಆಗಿಬಿಡುತ್ತದೆ. ಜೀವಮಾನವೆಲ್ಲ ಶಾಲೆಯಲ್ಲಿ ರಷ್ಯನ್ ಕಲಿಸಿ ನಿವೃತ್ತನಾದವನಿಗೆ ಅರ್ಧ ದಿನದ ಈ ಸಂಪಾದಕ ಕೆಲಸ ಒಂದು ಬಗೆಯ ಶಿಕ್ಷೆ. ಬಿಡಲಾರೆ. ಮನೆಯಲ್ಲಿ ಕುಳಿತರೆ ರೇಡಿಯೋದವರ ಉಚ್ಚಾರ ಕೇಳಬೇಕು.

ಮಧ್ಯಾಹ್ನ ಗ್ಲೆಬ್ ಆರ್ಕಾದ್ಯೆವಿಚ್ ಸೆರೆಗಿನ್ನನ ವರದಿ ಬಂತು. ನನ್ನ ಮಗಳು ಕಾಪಾ ಇವನ ಕೈಕೆಳಗೆ ಕೆಲಸ ಮಾಡುತ್ತಾಳೆ. ಯುರೇನಿಯಂ ಪರಮಾಣುವಿನ ಬೀಜ ಒಡೆದಾಗ ಯಾವ ತೂಕದ ತುಣುಕು ಶೇಕಡಾ ಎಷ್ಟು ಹುಟ್ಟುತ್ತದೆ ಎಂಬ ಪಟ್ಟಿ. ಹತ್ತು ವರ್ಷದ ಹಿಂದಿನದು, ಮರುಮುದ್ರಣಕ್ಕೆ. ಅಡಿಯಲ್ಲಿ ಮೊತ್ತ: ಶೇಕಡಾ ಇನ್ನೂರು. ಇನ್ನೂರು! ಕೆಂಪು ಶಾಯಿಯಲ್ಲಿ ನೂರು ಎಂದು ತಿದ್ದಿದೆ. ಅಂಚಿನಲ್ಲಿ "ಐದನೆಯ ತರಗತಿಯ ಗಣಿತ" ಎಂದು ಬರೆದೆ. ಬಹಳ ದಿನಗಳ ಮೇಲೆ ಊಟ ರುಚಿಸಿತು.

ಅಕ್ಟೋಬರ್ ೫

ಸೆರೆಗಿನ್ ಸ್ವತಃ ಬಂದ. ಟೈಪಿಸ್ಟರೆಲ್ಲ ಇರುವ ಹೊತ್ತು ನೋಡಿಯೇ ಬಂದ.

"ಕ್ಲಿಮೆಂತಿ ಲೂಕಿಚ್, ಒಂದು ಸೇಬನ್ನ ಮಧ್ಯಕ್ಕೆ ಕೊಯ್ದ್ರೆ ಎಷ್ಟು ಹೋಳು?"

"ಎರಡು."

"ನೂರು ಸೇಬು ಕೊಯ್ದ್ರೆ?"

ಕೆಂಪು ಶಾಯಿಯ ಪೆನ್ನನ್ನು ಮೇಜಿನ ಖಾನೆಗೆ ಹಾಕಿದೆ.

"ಹೇಳಿ ಹೇಳಿ, ಹೆದರ್ಕೋಬೇಡಿ. ಇನ್ನೂರು! ಶಭಾಷ್ ಮಾಸ್ತರೇ. ಒಂದು ಬೀಜ ಒಡೆದ್ರೆ ತುಣುಕು ಎರಡು. ಅದಕ್ಕೇ ಇದನ್ನ ಎಲ್ಲಾ ಕಡೆ ಇನ್ನೂರಕ್ಕೇ ಕೂಡಿಸ್ತಾರೆ. ನೀವು ಅಲ್ಪವಿರಾಮ ನೋಡ್ಕೊಳ್ಳಿ. ಅಂಕಿ ನಮಗೆ ಬಿಟ್ಬಿಡಿ."

ಕಿಟಕಿ ಬಳಿಯ ಟೈಪಿಸ್ಟ್ ನಕ್ಕಳು. ನಗುವನ್ನು ಕೆಮ್ಮಾಗಿ ಮಾಡಿಕೊಂಡಳು. ಅವನು ಹೇಳಿದ್ದು ಸರಿಯೇ ಇರಬಹುದು. ಸರಿ ಹೇಳಿದ ಮಾತ್ರಕ್ಕೆ ಒಬ್ಬ ಸಭ್ಯನಾಗುವುದಿಲ್ಲ.

ಅಕ್ಟೋಬರ್ ೯, ಸಂಜೆ

ಕಾಪಾ ಚಳಿ ಹೊತ್ತುಕೊಂಡು ಬಂದಳು. ಕೋಟು ಬಿಚ್ಚದೆಯೇ ಬಕ್‌ವೀಟ್ ಗಂಜಿ ತಿಂದಳು. ಮತ್ತೆ ಜಗಳವಂತೆ.

ವಿಷಯ ಇಷ್ಟು. ಪ್ರಯೋಗಾಲಯದವರು "ಡೋಲು" ಎನ್ನುವ — ಅಯಾನೀಕರಣ ಕೋಷ್ಠ ಎನ್ನಬೇಕು — ಒಂದು ಲೋಹದ ಉರುಳೆಯ ನಡುವೆ ಅತಿ ತೆಳುವಾದ ಹಾಳೆ ಇದೆ. ಅದರ ಬಲಮೈಗೆ ಯುರೇನಿಯಂ ಲೇಪ. ರಿಯಾಕ್ಟರ್‌ನಿಂದ ನ್ಯೂಟ್ರಾನ್ ಬಂದು ಬೀಜ ಒಡೆದರೆ, ಒಂದು ತುಣುಕು ಎಡಕ್ಕೆ, ಇನ್ನೊಂದು ಬಲಕ್ಕೆ ಹಾರುತ್ತದೆ. ಡೋಲಿನ ಎರಡು ಅರ್ಧಗಳು ಎರಡರ ಶಕ್ತಿಯನ್ನೂ ಅಳೆಯುತ್ತವೆ. ಶಕ್ತಿಯಿಂದ ತೂಕ, ತೂಕದಿಂದ ಪಟ್ಟಿ. ಎಡಕ್ಕೆ ಹಾರುವ ತುಣುಕು ಹಾಳೆಯನ್ನು ತೂರಿಕೊಂಡು ಹೋಗಬೇಕು. ಆದ್ದರಿಂದ ಎಡಗಡೆ ಶಕ್ತಿ ಕಡಿಮೆ ಬರುತ್ತದೆ. ಆ ಕೊರತೆಯನ್ನು ಲೆಕ್ಕ ಹಾಕಿ ತುಂಬಿಸಿಕೊಳ್ಳಬೇಕು.

ಸೆರೆಗಿನ್ನನ ಪ್ರಕಾರ ಹಾಳೆ ತೆಳು. ಕಾಪಾಳ ಪ್ರಕಾರ ಅವನು ತಿಳಿದದ್ದಕ್ಕಿಂತ ದಪ್ಪ. ಅವಳು ಹೇಳುವುದು ಸರಿಯಾದರೆ ಅವನ ಹತ್ತು ವರ್ಷದ ಪಟ್ಟಿ ತಪ್ಪು, ಅವಳ ಪದವಿಯ ಪ್ರಬಂಧ ಗೆದ್ದಂತೆ. ಅವನು ಹೇಳುವುದು ಸರಿಯಾದರೆ ಅವಳ ಮೂರು ವರ್ಷ ನೀರುಪಾಲು.

"ಹಾಳೆ ತಿರುವಿ ಹಾಕಿ ಅಳೆದ್ರೆ ಮುಗೀತು ಅಪ್ಪ. ಕೊರತೆ ಬಲಕ್ಕೆ ಬಂದ್ರೆ ಹಾಳೆದೇ ತಪ್ಪು ಅಂತ ಗೊತ್ತಾಗುತ್ತೆ. ಎರಡು ದಿನ ಸಾಕು. ಆತ ಬಿಡಲ್ಲ. ಡೋಲು ತೆರೆದ್ರೆ ಹಾಳೆ ಹರಿದು ಹೋಗುತ್ತಂತೆ."

"ಬರಹದಲ್ಲಿ ಕೇಳು."

"ಮೂರು ಸಲ ಕೇಳಿದ್ದೀನಿ. ತಿಂಗಳ ಕೊನೆಗೆ ರಿಯಾಕ್ಟರ್ ರಿಪೇರಿಗೆ ನಿಲ್ಲುತ್ತೆ. ಆಮೇಲೆ ವರ್ಷಾನೋ ಎರಡು ವರ್ಷಾನೋ. ಆತ ಕಾಯ್ತಿರೋದೇ ಅದಕ್ಕೆ."

ಹೇಡಿ ಎನ್ನುವ ಪದಕ್ಕೆ ಇಂತಹ ಉದಾಹರಣೆ ಮಕ್ಕಳಿಗೆ ಕೊಡಲು ನನಗೆ ಎಂದೂ ಸಿಕ್ಕಿರಲಿಲ್ಲ.

ಅಕ್ಟೋಬರ್ ೧೫

ತರಕಾರಿ ಗೋದಾಮಿಗೆ ವಿಭಾಗದಿಂದ ಒಬ್ಬರು ಹೋಗಬೇಕು. ಚಳಿಗಾಲಕ್ಕೆ ಎಲೆಕೋಸು ಸುಲಿದು ಪೇರಿಸುವ ಕೆಲಸ. ಪ್ರತಿ ಶರತ್ಕಾಲದ ಪದ್ಧತಿ, ವಿಜ್ಞಾನಿಗಳಿಗೂ ಬಿಡುಗಡೆಯಿಲ್ಲ. ಈ ಸಲ ಸೆರೆಗಿನ್ ಹೆಸರಿಸಿದ್ದು ಕಾಪಾಳನ್ನು. ಬುಧವಾರ, ಗುರುವಾರ — ನ್ಯೂಟ್ರಾನ್ ಕಿರಣ ಅವಳ ಪಾಲಿಗಿದ್ದ ಕೊನೆಯ ಎರಡು ದಿನಗಳು. ತಾನು ಅದೇ ದಿನಗಳಲ್ಲಿ ಮಾಸ್ಕೋಗೆ, ಸಭೆಗೆ.

"ಕೋಸಿನ ಗಾಳಿ ತಗೊಂಡ್ರೆ ತಲೆ ತಣ್ಣಗಾಗುತ್ತೆ ಅಂದ್ರು," ಎಂದಳು.

ತಟ್ಟೆ ಸರಿಸಿದೆ. ನಾನು ಹೋಗುತ್ತೇನೆ ಎಂದೆ.

"ಎಲ್ಲಿಗೆ?"

"ಗೋದಾಮಿಗೆ. ನಿನ್ನ ಬದಲು. ಹೋಗಿ ನಿನ್ನ ಹಾಳೆ ತಿರುವಿ ಹಾಕು."

"ನಿಮ್ಮ ಸೊಂಟ ನೋಡ್ಕೊಂಡು ಮಾತಾಡಿ ಅಪ್ಪ."

"ನನ್ನ ಸೊಂಟದ ಮೇಲೆ ಸೆರೆಗಿನ್ನನಿಗೆ ಅಧಿಕಾರವಿಲ್ಲ."

ನಕ್ಕಳು. ಈ ಮನೆಯಲ್ಲಿ ಅದು ಅಪರೂಪ.

ಅಕ್ಟೋಬರ್ ೧೭, ಬುಧವಾರ

ಗೋದಾಮು. ಕೊಳೆತ ಎಲೆಗಳ ನಾತ. ಮಂಜಿನ ಗುಡ್ಡದಂತೆ ಎಲೆಕೋಸು. ಫೈನಾ ಎಂಬ ಮೇಲ್ವಿಚಾರಕಿ — ಹತ್ತಿ ತುಂಬಿದ ಜಾಕೆಟ್ಟು, ಲೌಡ್‌ಸ್ಪೀಕರ್ ಕಂಠ.

"ಏಯ್ ಟೋಪಿ ತಾತ! ಯಾವ ಸಂಸ್ಥೆ?"

ಹೇಳಿದೆ.

"ಇಲ್ಲಿ ಹೆಂಗಸಿನ ಹೆಸರಿದೆಯಲ್ಲ."

"ಅವಳ ತಂದೆ ನಾನು."

"ಆಗಲಿ. ನನಗೆ ತಲೆ ಇದ್ರೆ ಸಾಕು. ಗಂಡಸೋ ಹೆಂಗಸೋ ಕೋಸು ಕೇಳಲ್ಲ." ಹೆಸರಿನ ಮುಂದೆ ಗುರುತು ಹಾಕಿ ಚಾಕು ಎಸೆದಳು. ಕೈಗೆ ಕೊಡಲಿಲ್ಲ, ಎಸೆದಳು. "ಹೊರಗಿನ ಎಲೆ ತೆಗಿ, ಕಪ್ಪಾಗಿದ್ರೆ ಇನ್ನೊಂದು ತೆಗಿ. ಮೂಗಿನ ಹತ್ರ ಹಿಡಿದು ಓದ್ತಾ ಕೂತ್ಕೋಬೇಡ, ಅದೇನು ಪುಸ್ತಕ ಅಲ್ಲ!"

ನನಗೆ ಏಕವಚನ. ಇಂತಹವಳಿಂದ. ಪಕ್ಕದಲ್ಲಿದ್ದ ಗಣಿತಜ್ಞ ಪಿಸುಗುಟ್ಟಿದ: "ನಮ್ಮ ನಿರ್ದೇಶಕರನ್ನೂ ಹೀಗೇ ಕರೀತಾಳೆ, ಬೇಜಾರು ಮಾಡ್ಕೋಬೇಡಿ." ಬೇಜಾರು ಮಾಡಿಕೊಂಡೆ. ಬೆರಳು ಕೊಯ್ದುಕೊಂಡೆ. ಆದರೂ ಪ್ರತಿ ಎಲೆ ಕೀಳುವಾಗ ಸೆರೆಗಿನ್ನನ ಮುಖ ನೆನೆದು ಉತ್ಸಾಹ ತಂದುಕೊಂಡೆ.

ಕಾಪಾ ಸಂಜೆ ಬಂದು ಎರಡೇ ಮಾತು: "ಹಾಳೆ ಹರೀಲಿಲ್ಲ. ತಿರುವಿದೆ."

ಅಕ್ಟೋಬರ್ ೧೮

ಮತ್ತೆ ಗೋದಾಮು. ಸೊಂಟ ನನ್ನದಲ್ಲ. ಬೇರೆ ಬರೆಯಲಾರೆ.

ಅಕ್ಟೋಬರ್ ೨೪

ಆರು ದಿನ ಮಾತಿಲ್ಲ. ಲೆಕ್ಕ ಮಾಡುತ್ತಿದ್ದೇನೆ ಎನ್ನುತ್ತಾಳೆ. ಏನಾಯಿತು ಎಂದರೆ "ಇನ್ನೂ ಇಲ್ಲ". ಸೂಪಿಗೆ ಎರಡು ಸಲ ಉಪ್ಪು ಹಾಕಿದಳು. ಕುಡಿದು ಮುಗಿಸಿದೆ. ಗೆದ್ದವರೂ ಹೀಗಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಅಕ್ಟೋಬರ್ ೨೫

ಗೆದ್ದಿಲ್ಲ.

"ತಿರುವಿದ್ಮೇಲೆ ಕೊರತೆ ಬಲಕ್ಕೆ ಬರ್ಬೇಕಿತ್ತು. ಬರ್ಲಿಲ್ಲ. ಎಡಕ್ಕೇ ಉಳೀತು."

"ಅಂದರೆ ಹಾಳೆ ತೆಳು. ಅವನು ಹೇಳಿದ್ದೇ ಸರಿ." ಈ ವಾಕ್ಯ ಆಡಲು ಎಷ್ಟು ಕಷ್ಟವಾಯಿತು ಎಂದು ಇಲ್ಲಿ ಮಾತ್ರ ಬರೆಯಬಲ್ಲೆ.

"ಅವರೂ ತಪ್ಪು, ನಾನೂ ತಪ್ಪು. ಹಾಳೆ ಎಷ್ಟು ದಪ್ಪ ಅಂತ ಇಬ್ಬರೂ ಕಿತ್ತಾಡ್ತಿದ್ವಿ. ಕೊರತೆ ಹಾಳೆದೇ ಅಲ್ಲ. ಡೋಲಿನ ಎಡ ಅರ್ಧಾನೇ ಕಮ್ಮಿ ತೋರಿಸುತ್ತೆ. ಆ ಡೋಲು ಮಾಡಿದ್ದು ಅವರು. ಅವರ ಪಟ್ಟಿ ಅದರಲ್ಲೇ ಅಳೆದಿದ್ದು, ನನ್ನ ಪ್ರಬಂಧಾನೂ ಅದರಲ್ಲೇ. ಎರಡೂ ಹೋಯ್ತು."

ನಂತರ ಹೇಳಿದೆ — ಈಗಲೂ ಅದನ್ನೇ ಹೇಳುತ್ತೇನೆ: ಯಾರಿಗೂ ಗೊತ್ತಿಲ್ಲ. ಕಾಗದದಲ್ಲಿ ಆ ಎರಡು ದಿನ ನೀನು ಎಲೆಕೋಸು ಸುಲಿಯುತ್ತಿದ್ದೆ. ಆ ಅಳತೆ ನಡೆದೇ ಇಲ್ಲ. ಪ್ರಬಂಧ ಮಂಡಿಸು, ಪದವಿ ತೆಗೆದುಕೋ.

"ನೀವಾ ಅಪ್ಪ ಇದನ್ನ ಹೇಳ್ತಿರೋದು? ಒಂದು ಕಾಮಾ ತಪ್ಪಿದ್ರೆ ಮಕ್ಕಳನ್ನ ಬೆಂಚ್ ಮೇಲೆ ನಿಲ್ಲಿಸ್ತಿದ್ದವರು?"

"ಅದು ವಿರಾಮಚಿಹ್ನೆ. ಇದು ನಿನ್ನ ಬದುಕು."

"ಮಂಗಳವಾರ ಸೆಮಿನಾರ್ ಇದೆ. ಅಲ್ಲಿ ಹೇಳ್ತೀನಿ. ಅದಕ್ಕೆ ಮುಂಚೆ ಅವರಿಗೆ ಹೇಳ್ತೀನಿ. ಹಿಂದಿನಿಂದ ಚುಚ್ಚಿದ ಹಾಗೆ ಆಗ್ಬಾರ್ದು."

ಹಿಂದಿನಿಂದ ಚುಚ್ಚಿದರೆ ತಪ್ಪೇನು? ಅವನು ಮುಂದಿನಿಂದ ಚುಚ್ಚಿದ್ದನೆ?

ಅಕ್ಟೋಬರ್ ೨೮, ಭಾನುವಾರ, ಮಧ್ಯಾಹ್ನ

ಸೆರೆಗಿನ್ ಮನೆಗೆ ಬಂದಿದ್ದ. ಕೈಯಲ್ಲಿ ದಾರ ಕಟ್ಟಿದ ಕೇಕಿನ ಪೆಟ್ಟಿಗೆ. ಬಾಗಿಲು ತೆರೆದ ನನಗೆ "ನಮಸ್ಕಾರ ಕ್ಲಿಮೆಂತಿ ಲೂಕಿಚ್, ಆರೋಗ್ಯವಾಗಿದ್ದೀರಾ?" ಎಂದ. ಮುಖ ಬೂದಿಯ ಬಣ್ಣ. ನಿನ್ನೆ ಕಾಪಾ ಹೇಳಿಯೇಬಿಟ್ಟಿದ್ದಳು.

ಅಡುಗೆಮನೆಯಲ್ಲಿ ಕೂರಿಸಿದೆ. ಬೇರೆ ಜಾಗವಿಲ್ಲ.

"ಕಾಪಾ, ಕೂತ್ಕೋ."

"ನಿಂತೇ ಕೇಳ್ತೀನಿ, ಹೇಳಿ."

"ಎರಡು ದಿನದ ಅಳತೆ. ಅದೂ ಕದ್ದು ಮಾಡಿದ್ದು. ಅದನ್ನ ಹಿಡ್ಕೊಂಡು ಹತ್ತು ವರ್ಷದ ಪಟ್ಟಿ ಹರಿದು ಹಾಕ್ತೀಯಾ?"

"ನನ್ನ ಮೂರು ವರ್ಷಾನೂ ಹರಿದು ಹಾಕ್ತಿದ್ದೀನಲ್ಲ, ಗ್ಲೆಬ್ ಆರ್ಕಾದ್ಯೆವಿಚ್. ನಿಮ್ಮದಕ್ಕೆ ಜೊತೆ ಆಗುತ್ತೆ."

"ತಮಾಷೆ ಬಿಡು. ಗೋದಾಮಿನಲ್ಲಿ ಹಾಜರಿ, ರಿಯಾಕ್ಟರ್ ಹಾಲ್‌ನಲ್ಲಿ ಆಸಾಮಿ. ಇದನ್ನ ನೀನೇ ಎದ್ದು ನಿಂತು ಹೇಳಿದ್ರೆ ಸುರಕ್ಷತೆಯವರು ನಿನ್ನ ಪಾಸ್ ಕಿತ್ಕೋತಾರೆ. ಇನ್ನೊಂದು ಸಲ ಆ ಬಾಗಿಲು ದಾಟಕ್ಕಾಗಲ್ಲ. ನಾನು ಹೆದರಿಸ್ತಿಲ್ಲ. ಇರೋದು ಹೇಳ್ತಿದ್ದೀನಿ."

"ಗೊತ್ತು."

"ರಿಪೇರಿ ಮುಗೀಲಿ. ಹೊಸ ಡೋಲು ಮಾಡೋಣ. ಸದ್ದಿಲ್ದೆ ಅಳೆಯೋಣ, ಸದ್ದಿಲ್ದೆ ತಿದ್ದೋಣ."

"ಅಲ್ಲೀವರೆಗೆ ಪಟ್ಟಿ?"

"ಇದ್ದ ಹಾಗೇ ಇರುತ್ತೆ."

"ಅದನ್ನ ನಂಬಿ ಬೇರೆ ಊರಿನವರು ರಿಯಾಕ್ಟರ್ ಲೆಕ್ಕ ಹಾಕ್ತಿದ್ದಾರೆ. ಈ ತಿಂಗಳು ಮತ್ತೆ ಅಚ್ಚಾಗ್ತಿದೆ. ಅಪ್ಪನೇ ಅದರ ಕಾಮಾ ತಿದ್ದಿದ್ದಾರೆ."

ಅವನು ನನ್ನತ್ತ ನೋಡಿದ. ಬೇಡುವ ನೋಟ. ಜೀವನದಲ್ಲಿ ಮೊದಲ ಬಾರಿಗೆ ಈ ಮನುಷ್ಯ ನನ್ನಿಂದ ಏನನ್ನೋ ಬೇಡುತ್ತಿದ್ದ. ನನಗೆ ಬೇಕಿದ್ದದ್ದೂ ಅದೇ.

"ಕಾಪಾ, ಅವರು ಹೇಳೋದರಲ್ಲಿ ಅರ್ಥ ಇದೆ," ಎಂದೆ.

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಪೆಟ್ಟಿಗೆಯ ದಾರ ಕತ್ತರಿಸಿದಳು.

"ಒಳ್ಳೇ ಜೋಡಿ. ಇಬ್ಬರಿಗೂ ಒಂದೇ ತಟ್ಟೆ ಸಾಕಾ?"

ಹೊರಗೆ ಹೋದಳು. ನಾವಿಬ್ಬರೂ ಕೇಕಿನ ಮುಂದೆ ಕುಳಿತಿದ್ದೆವು. ಯಾರೂ ಮುಟ್ಟಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದು, "ನೀವು ವಿವೇಕಿಗಳು ಮಾಸ್ತರೇ, ಹೇಗಾದರೂ ತಡೀರಿ," ಎಂದ. ಇದು ಇನ್ನೂರಕ್ಕಿಂತ ದೊಡ್ಡ ಅವಮಾನ.

ಅಕ್ಟೋಬರ್ ೨೯

ಅವಳು ಸೆಮಿನಾರ್‌ಗೆ ಚಿತ್ರ ಬರೆಯುತ್ತಿದ್ದಾಳೆ. ಎರಡು ಗೆರೆ: ತಿರುವುವ ಮುನ್ನ, ತಿರುವಿದ ಮೇಲೆ. ಒಂದರ ಮೇಲೊಂದು ಕೂರುತ್ತವೆ. ನನಗೂ ಅರ್ಥವಾಗುವಷ್ಟು ಸ್ಪಷ್ಟ. ಅಷ್ಟು ಸ್ಪಷ್ಟವಾಗಿರಬಾರದಿತ್ತು.

ಕೇಳಿದೆ: ಪಾಸ್ ಹೋದರೆ ಏನು ಮಾಡುತ್ತೀಯ?

"ಶಾಲೇಲಿ ಪಾಠ ಮಾಡ್ತೀನಿ. ನಿಮ್ಮ ಹಾಗೆ."

ಅದನ್ನು ಬೆದರಿಕೆಯಂತೆ ಹೇಳಿದಳು. ರಿಯಾಕ್ಟರ್ ಹಾಲ್‌ನಿಂದ ಬಂದ ಸಂಜೆಗಳಲ್ಲಿ ಅವಳ ಮುಖ ಹೇಗಿರುತ್ತದೆಂದು ಬಲ್ಲೆ. ಶಾಲೆಯಿಂದ ಬಂದ ನನ್ನ ಮುಖ ಹೇಗಿರುತ್ತಿತ್ತೆಂದೂ ಬಲ್ಲೆ. ಆ ಸಂಸ್ಥೆಯ ಬೇಲಿಯ ಒಳಗೆ ಇಲ್ಲದಿದ್ದರೆ ಅವಳು ಒಣಗಿಹೋಗುತ್ತಾಳೆ. ತಂದೆಯಾದವನು ಇದನ್ನು ನೋಡುತ್ತ ಕೂರಬೇಕೆ?

ಅಕ್ಟೋಬರ್ ೩೦, ಮಂಗಳವಾರ, ಬೆಳಿಗ್ಗೆ ಎಂಟೂವರೆ

ಸೆಮಿನಾರ್ ಹತ್ತಕ್ಕೆ. ಕಾಪಾ ಸ್ನಾನಕ್ಕೆ ಹೋದಾಗ ಅವಳ ಕೈಚೀಲದಿಂದ ಪಾಸ್ ತೆಗೆದಿಟ್ಟೆ. ಕದ್ದದ್ದಲ್ಲ, ತೆಗೆದಿಟ್ಟದ್ದು. ಪಾಸಿಲ್ಲದೆ ಕಾವಲಿನವನು ಬಿಡುವುದಿಲ್ಲ. ಒಂದು ಸೆಮಿನಾರ್ ತಪ್ಪುತ್ತದೆ, ನಾಳೆ ರಿಯಾಕ್ಟರ್ ನಿಲ್ಲುತ್ತದೆ, ಜನ ನವೆಂಬರ್ ಏಳರ ಕ್ರಾಂತಿ ಹಬ್ಬದ ಗಡಿಬಿಡಿಯಲ್ಲಿರುತ್ತಾರೆ. ಅವಳ ಬಿಸಿ ಇಳಿಯುತ್ತದೆ.

ಒಂಬತ್ತು

ಚೀಲ ಸುರಿದು ಹುಡುಕಿದಳು. ಕೋಟಿನ ಜೇಬು ನೋಡಿದಳು. ನನ್ನ ಬಾಗಿಲಲ್ಲಿ ಬಂದು ನಿಂತಳು.

"ಕೊಡಿ."

"ಏನನ್ನು?"

ಎರಡನೆಯ ಸಲ ಕೇಳಲಿಲ್ಲ. ಕೂಗಾಡಲಿಲ್ಲ. ಕೂಗಾಡಿದ್ದರೆ ಉತ್ತರ ಸಿದ್ಧವಿತ್ತು.

ಒಂಬತ್ತೂ ಕಾಲು

ಮುಂಬಾಗಿಲ ಬಳಿ ಫೋನ್ ತಿರುಗಿಸುತ್ತಿದ್ದಾಳೆ. ಸೆರೆಗಿನ್ನನಿಗಿರಬೇಕು. ಅವನು ತಡೆಯುತ್ತಾನೆ, ಈ ಒಂದು ವಿಷಯದಲ್ಲಿ ಅವನನ್ನು ನಂಬಬಹುದು.

ಸೆರೆಗಿನ್ನನಿಗಲ್ಲ.

"ಸುರಕ್ಷತಾ ವಿಭಾಗನಾ? ಸೆರೆಗಿನ್ ಅವರ ಪ್ರಯೋಗಾಲಯದ ಬರ್ಸೆನೆವಾ ಮಾತಾಡ್ತಿದ್ದೀನಿ. ಒಂದು ತಪ್ಪೊಪ್ಪಿಗೆ ಬರ್ಕೊಳ್ಳಿ. ಸೆಮಿನಾರ್‌ನಲ್ಲೂ ಓದಿ ಹೇಳ್ಬೇಕು. ಹದಿನೇಳು, ಹದಿನೆಂಟನೇ ತಾರೀಕು ಹಾಲ್‌ನಲ್ಲಿ ಡೋಲು ತೆರೆದು ಹಾಳೆ ತಿರುವಿದ್ದು ನಾನು… ಎಡ ಅರ್ಧ ಕಮ್ಮಿ ತೋರಿಸುತ್ತೆ, ಪಟ್ಟಿ ತಪ್ಪು… ಹೌದು, ನಾನೇ, ಗೋದಾಮಿನಲ್ಲಿ ಇರ್ಲಿಲ್ಲ… ಪಾಸ್ ತಗೊಳ್ಳಿ ಪರವಾಗಿಲ್ಲ, ಹೇಗೂ ಈಗ ನನ್ನ ಹತ್ರ ಇಲ್ಲ… ನನ್ನ ಬದಲು ಗೋದಾಮಿನಲ್ಲಿ ಇದ್ದದ್ದಾ? ನಮ್ಮ ಅಪ್ಪ. ಹೆಸರು ಬರ್ಕೊಳ್ತೀರಾ? ಬರ್ಕೊಳ್ಳಿ —"

ಬಾಗಿಲು ತೆರೆದೇ ಇದೆ. ನನ್ನನ್ನೇ ನೋಡುತ್ತ, ನಿಧಾನವಾಗಿ, ಒಂದೊಂದೇ ಅಕ್ಷರ