ಬಲಗಾಲಿಗೆ ಒಂಬತ್ತು ದಿನ

ಮೈಸೂರು, ತಣ್ಣೆರಳು ವರ್ಷ ನೂರ ಹನ್ನೆರಡು, ಹದಿಮೂರನೆಯ ತಿಂಗಳ ಆರನೆಯ ದಿನ. ನಿಮ್ಮ ಎಣಿಕೆಯಲ್ಲಿ ಕ್ರಿ.ಶ. 2207.

ಪೂಜ್ಯ ಮೂಲ ಮಿಸ್ ವೈಜಯಂತಿ ಅವರಿಗೆ, ನಿಮ್ಮ ಹೆಜ್ಜೆ ಕಲಿತವರಿಂದ ಹೆಜ್ಜೆ ಕಲಿತ ನೇಸರಿಯ ನಮಸ್ಕಾರಗಳು.

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಹದಿಮೂರನೆಯ ತಿಂಗಳು ಎಂದರೆ ನಿಮಗೆ ಗಾಬರಿಯಾಗಬಹುದು. ಬೇಸಿಗೆ ಉದ್ದವಾಗುತ್ತ ಹೋಗಿ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ, ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು ನಮ್ಮ ಹಿರಿಯರು ಅದಕ್ಕೇ ಒಂದು ತಿಂಗಳು ಕೊಟ್ಟರು. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಮಾತುಗಳೂ ನಮಗೆ ಹಾಗೇ ಇದ್ದವು. ನಿಮ್ಮ ಚಿತ್ರಿಕೆಗಳಲ್ಲಿ, ಎಂದರೆ ನೀವು ವಿಡಿಯೋ ಎನ್ನುವವುಗಳಲ್ಲಿ, ನಿಮ್ಮನ್ನು ನೀವೇ ‘ಮಿಸ್’ ಎಂದುಕೊಳ್ಳುತ್ತೀರಿ. ಆದ್ದರಿಂದ ಇಂದು ನಮ್ಮ ಊರಿನಲ್ಲಿ ಗುರುವಿಗೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ಇನ್ನೊಂದು ಮಾತು. ಆ ಚಿತ್ರಿಕೆಗಳಲ್ಲಿ ನಿಮಗೆ ಇಪ್ಪತ್ತಮೂರು, ನನಗೀಗ ಇಪ್ಪತ್ತನಾಲ್ಕು. ನಿಮಗಿಂತ ದೊಡ್ಡವಳೊಬ್ಬಳು ನಿಮ್ಮನ್ನು ಪೂಜ್ಯರೇ ಎನ್ನುತ್ತಿದ್ದಾಳೆ. ನಗು ಬಂದರೆ ನಕ್ಕುಬಿಡಿ.

ನಮ್ಮ ಊರನ್ನು ಸ್ವಲ್ಪ ಹೇಳುತ್ತೇನೆ. ಬೀದಿಗಳ ಮೇಲೆ ಮನೆಯಿಂದ ಮನೆಗೆ ಬಿಳಿ ಚಪ್ಪರ ಹಾಸಿದ್ದಾರೆ, ಅದೇ ತಣ್ಣೆರಳು. ಅದು ಬಂದ ವರ್ಷದಿಂದ ನಮ್ಮ ಎಣಿಕೆ ಶುರು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಊರಿಗೆ ಊರೇ ಮಲಗುತ್ತದೆ. ಹಪ್ಪಳ ಸಂಡಿಗೆ ಒಣಗಿಸುವವರು ಬಿಸಿಲುಕಟ್ಟೆಗೆ ಹೋಗಬೇಕು, ಚಪ್ಪರಕ್ಕೆ ಕಿಂಡಿ ಬಿಟ್ಟಿರುವುದು ಅಲ್ಲಿ ಮಾತ್ರ, ಊರಿನ ಸುದ್ದಿಯೆಲ್ಲ ಹುಟ್ಟುವುದೂ ಅಲ್ಲೇ. ನಮ್ಮ ಅಭ್ಯಾಸ ಬೆಳಗಿನ ಐದಕ್ಕೆ, ಕಾಲ್ದನಿಯ ಮೇಲೆ. ಅದು ಹೆಜ್ಜೆಗಳನ್ನು ನೆನಪಿಟ್ಟುಕೊಳ್ಳುವ ನೆಲ. ಹೆಜ್ಜೆ ತಪ್ಪಿದರೆ ‘ಟೊಂಯ್’ ಎನ್ನುತ್ತದೆ, ಮರ್ಯಾದೆ ನೋಡುವುದಿಲ್ಲ. ಆಮೇಲೆ ಮುದ್ದೆ, ಬಸ್ಸಾರು. ಅದೊಂದು ಬದಲಾಗಿಲ್ಲ.

ನಾಟ್ಯವೇ ಇಲ್ಲಿಂದ ಮಾಯವಾಗಿತ್ತು. ನಿಮ್ಮ ಕಾಲದ ಚಿತ್ರಿಕೆಗಳನ್ನು ಕೂಡಿಟ್ಟಿದ್ದ ಭಾರಿ ಉಗ್ರಾಣಗಳು ಬಿಸಿಲಿಗೆ ಕೆಟ್ಟುಹೋದವು, ಕಲಿಸುವವರೂ ಚದುರಿದರು. ಐವತ್ತು ವರ್ಷ ಈ ಊರಿನಲ್ಲಿ ಗೆಜ್ಜೆಯ ಸದ್ದು ಕೇಳಲಿಲ್ಲ. ಆಗ ಕಲಬುರಗಿಯ ಒಂದು ಹಳೆಯ ಟ್ರಂಕಿನಲ್ಲಿ ಫೋನು ಸಿಕ್ಕಿತು. ಅಪ್ಪನ ವರ್ಗಾವಣೆಯಿಂದ ಆ ಊರಿಗೆ ಹೋದ ಶಿಷ್ಯೆಗೆ ನೀವು ಕಳಿಸಿದ್ದ ನಲವತ್ತೊಂದು ಪಾಠಗಳು ಅದರಲ್ಲಿದ್ದವು. ಅವುಗಳಿಂದಲೇ ಈ ಊರು ಮತ್ತೆ ಕುಣಿಯಲು ಕಲಿಯಿತು. ಮೂವತ್ತೊಂದನೆಯ ಪಾಠದ ಮೊದಲು ನೀವು, “ಈ ಸಲಾನೂ ಉತ್ಸವಕ್ಕೆ ನನ್ನ ಹೆಸ್ರು ಬರ್ಲಿಲ್ಲ ಕಣೇ ಪುಟ್ಟಿ. ಇರ್ಲಿ, ಬಾ, ಶುರು ಮಾಡಣ” ಎನ್ನುತ್ತೀರಲ್ಲ, ಅದನ್ನೂ ನಾವು ಪಾಠದ ಭಾಗವೆಂದು ಬಾಯಿಪಾಠ ಮಾಡಿದ್ದೇವೆ. ಇಂದು ನಿಮ್ಮ ಶಾಲೆಯಲ್ಲಿ ಆರುನೂರು ಮಕ್ಕಳಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ಇವತ್ತು ನನ್ನ ರಂಗಪ್ರವೇಶ. ಸರಿಯಾಗಿ ಕುಣಿದರೆ ಊರಾಟದ ಚೀಟಿ ಸಿಗುತ್ತದೆ, ಎಂದರೆ ಬೇರೆ ಊರುಗಳಲ್ಲಿ ಕುಣಿಯುವ ಅಪ್ಪಣೆ. ಹದಿನಾರು ಊರುಗಳು ಈಗಲೇ ಕರೆದಿವೆ. ತಾಳ ಹಿಡಿದ ಗುರುವಿನ ಎಣಿಕೆಯಲ್ಲಿ ಮೂರು ಸಲ ಹೆಜ್ಜೆ ತಪ್ಪಿದರೆ ಮತ್ತೆ ನಾಲ್ಕು ವರ್ಷ ಕಾಯಬೇಕು. ರಂಗಪ್ರವೇಶಕ್ಕೆ ಹತ್ತು ದಿನ ಮೊದಲು ‘ಮೂಲದರ್ಶನ’ ಎಂಬ ಪದ್ಧತಿ ಇದೆ. ನಾವು ಕಲಿಯುವುದು ಚಿತ್ರಿಕೆಗಳನ್ನು ಕಾಪಾಡುವ ನೆನಪುಗಾರರು ತಿದ್ದಿದ ಪ್ರತಿಗಳಿಂದ. ನಿಮ್ಮ ಆಕೃತಿ ಚೆನ್ನಾಗಿ ಕಾಣಲೆಂದು ಅವರು ಹಿಂದಿನ ಗಲೀಜನ್ನೆಲ್ಲ ಅಳಿಸಿದ್ದಾರೆ. ಅಳಿಸದ ಮೂಲವನ್ನು ಕಲಾವಿದೆಗೆ ಒಮ್ಮೆ ಮಾತ್ರ ತೋರಿಸುತ್ತಾರೆ, ಅದರ ಮುಂದೆ ಎಲ್ಲರೂ ಕೈಮುಗಿದು ಕಣ್ಣು ಮುಚ್ಚಿ ಕೂರುತ್ತಾರೆ. ತೊಂಬತ್ತು ವರ್ಷದಿಂದ ಎಲ್ಲರೂ ಮುಚ್ಚಿದ್ದಾರೆ. ನಾನು ಕಣ್ಣು ಬಿಟ್ಟೆ.

ನೀವು ಕುಣಿಯುತ್ತಿದ್ದುದು ಯಾವುದೋ ಕಟ್ಟಡದ ಕೆಳಗೆ, ಸ್ಕೂಟರುಗಳ ನಡುವೆ. ಹಿಂದಿನ ಗೋಡೆಯ ಮೇಲೆ ಏನೋ ಬರೆದಿತ್ತು. ನಿಮ್ಮ ಕಾಲದ ಲಿಪಿ ಇರಬೇಕೆಂದುಕೊಂಡೆ. ಓದಲು ಹೋಗಿ ಕುತ್ತಿಗೆ ಹೊರಳಿಸಿ ಹೊರಳಿಸಿ ನೋಡಿದೆ. ‘ವಾಹನ ನಿಲ್ಲಿಸಬಾರದು’ ಎಂಬ ಅಚ್ಚಕನ್ನಡ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಗೋಡೆ ತಿರುಗಿದೆ ಎಂದರೆ ನೀವೂ ತಿರುಗಿದ್ದೀರಿ, ಫೋನು ನಿಮ್ಮನ್ನು ಕನ್ನಡಿಯಂತೆ ಚಿತ್ರಿಸಿದೆ. ನಾವು ನಿಮ್ಮ ಎಡಗಾಲು ಎಂದುಕೊಂಡದ್ದು ನಿಮ್ಮ ಬಲಗಾಲು. ಇಡೀ ಶಾಲೆ ತೊಂಬತ್ತು ವರ್ಷದಿಂದ ಎಡಬಲ ಅದಲುಬದಲಾಗಿ ಕುಣಿಯುತ್ತಿದೆ. ಕೂತಲ್ಲಿಂದ ಎದ್ದುಬಿಟ್ಟೆ. ಹೆದರಿಕೆಯೋ ಸಂತೋಷವೋ ಇನ್ನೂ ತಿಳಿದಿಲ್ಲ.

ಎಡಗಾಲೇ ಏಕೆ ಮೊದಲು ಎಂದು ನಮ್ಮ ವಿದ್ವಾಂಸರು ಎರಡು ದಪ್ಪ ಗ್ರಂಥ ಬರೆದಿದ್ದಾರೆ. ಹೃದಯ ಎಡಕ್ಕಿದೆ, ಆದ್ದರಿಂದ. ನಟರಾಜನ ವಿಗ್ರಹ ಎತ್ತಿರುವುದು ಎಡಗಾಲು, ಆ ಭಂಗಿಯಲ್ಲಿ ನಾವು ಎತ್ತುವುದು ಬಲಗಾಲು, ಏಕೆಂದು ಕೇಳಿದರೆ ಶಿಲ್ಪಿ ಕನ್ನಡಿ ನೋಡಿಕೊಂಡು ಕೆತ್ತಿದ್ದ ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ನಿಮ್ಮ ಪುಟ್ಟಿ ಕನ್ನಡಿ ನೋಡಿ ಮಾಡುವಂತೆ ಫೋನಿನ ಎದುರು ನಿಂತು ಕಂಡ ಹಾಗೇ ಮಾಡಿರುತ್ತಾಳೆ, ಅವಳದು ಸರಿಯಾಗಿಯೇ ಬಂದಿರುತ್ತದೆ. ನಮ್ಮ ಹಿರಿಯರು ಎದುರು ನಿಂತವರ ಎಡಬಲ ನಮ್ಮದಕ್ಕೆ ವಿರುದ್ಧ ಎಂದು ಎಣಿಸಿ, ತಿದ್ದಿಕೊಂಡು ಕಲಿತರು. ಮಗು ಯೋಚಿಸಲಿಲ್ಲ. ನಮ್ಮವರು ಯೋಚಿಸಿದರು.

ಇದನ್ನು ನನ್ನ ಗುರು ದಾಕ್ಷಾಯಿಣಿ ಮಿಸ್ ಅವರಿಗೆ ಹೇಳಬೇಕಿತ್ತು. ಅವರಿಗೆ ಎಂಬತ್ತೊಂದು ವರ್ಷ, ಐದನೆಯ ವಯಸ್ಸಿನಿಂದ ಎಡಗಾಲಲ್ಲೇ ಬದುಕಿದವರು. ವೇದಿಕೆಯ ಪಕ್ಕ ತಾಳ ಹಿಡಿದು ಕೂರಬೇಕಾದವರು ಅವರೇ. ಅವರು ಕೂರದಿದ್ದರೆ ರಂಗಪ್ರವೇಶವೇ ಇಲ್ಲ. ಸುಮ್ಮನಿದ್ದು ಎಡಗಾಲಲ್ಲೇ ಕುಣಿದು ಚೀಟಿ ತೆಗೆದುಕೋ ಎಂದು ನನ್ನ ತಾಯಿ ಕೈಹಿಡಿದು ಬೇಡಿಕೊಂಡರು. ಆಗಲಿಲ್ಲ. ಕಂಡದ್ದನ್ನು ಕಾಣದಂತೆ ಕುಣಿಯಲು ನನ್ನಿಂದ ಆಗಲಿಲ್ಲ. ಹೇಳಿದೆ. ಮಿಸ್ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ದಿನವೆಲ್ಲ ನಾನು ಊಟ ಬಿಟ್ಟೆ. ಅವರ ಬದುಕನ್ನೇ ತಪ್ಪೆಂದು ಹೇಳಿದಂತಾಯಿತಲ್ಲ ಎಂದು ಅತ್ತೆ.

ಮರುದಿನ ಬೆಳಿಗ್ಗೆ ಐದಕ್ಕೆ ಕಾಲ್ದನಿಯ ಬಳಿ ಹೋದರೆ ಅವರು ಆಗಲೇ ಬಂದಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು.

“ಎಪ್ಪತ್ತಾರು ವರ್ಷದಿಂದ ಎಡಗಾಲೇ ಎತ್ಕೊಂಡು ಬಂದಿದೀನಿ ಕಣೇ,” ಎಂದರು. “ಬಲಗಾಲು ಹೆಂಗೆ ಅಂತ ತೋರ್ಸು, ಕಲೀತೀನಿ.”

ಆ ಒಂಬತ್ತು ದಿನಗಳನ್ನು ಹೇಗೆ ಹೇಳಲಿ? ನಾವಿಬ್ಬರೂ ಬಲಗಾಲು ಎತ್ತಿದಾಗಲೆಲ್ಲ ನೆಲ ಟೊಂಯ್ ಎಂದಿತು, ಅದೂ ಎಡಗಾಲಿನ ಶಾಲೆಯದೇ ಅಲ್ಲವೇ. ಮೂರನೆಯ ದಿನ ಮಿಸ್ ಅದರ ಬಾಯಿ ಮುಚ್ಚಿಸಿದರು. ನಾನು ತಿರುಗುವ ಕಡೆ ತಪ್ಪಿ ಕಂಬಕ್ಕೆ ಹೊಡೆದುಕೊಂಡೆ. ತಲೆಯೊಳಗೆ ಎಡಬಲ ಕಲಸಿ ಒಂದು ಬೆಳಿಗ್ಗೆ ಎಡಗೈಯಲ್ಲಿ ಮುದ್ದೆ ಮುರಿದು ಬೈಸಿಕೊಂಡೆ. ಆರನೆಯ ದಿನ ಮಿಸ್ ಒಂದು ಇಡೀ ಜತಿಯನ್ನು ಬಲಗಾಲಿನಿಂದ ತಪ್ಪಿಲ್ಲದೆ ಮುಗಿಸಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಅಷ್ಟು ಸಂತೋಷವನ್ನು ನಾನು ಯಾವ ವೇದಿಕೆಯಲ್ಲೂ ನೋಡಿರಲಿಲ್ಲ.

ವೇದಿಕೆ ಹತ್ತುವ ಮುನ್ನ ಮೂಲ ಗುರುವಿಗೆ ಒಂದು ಕಾಗದ ಬರೆಯುವುದು ನಮ್ಮ ಪದ್ಧತಿ. ಮೊದಲು ಇದನ್ನು ಬರೆಯಲು ಕೂತಾಗ, ದಯವಿಟ್ಟು ಫೋನನ್ನು ಸರಿಯಾಗಿ ಹಿಡಿಯಿರಿ ಎಂದು ಕೇಳಬೇಕೆಂದಿದ್ದೆ. ಈಗ ಕೇಳುವುದಿಲ್ಲ, ನೀವು ಹೇಗೆ ಹಿಡಿದರೂ ಸರಿ. ನಲವತ್ತೊಂದರ ಆಮೇಲೆ ನೀವು ಕುಣಿದಿರೋ ಬಿಟ್ಟಿರೋ ನಮಗೆ ಗೊತ್ತಿಲ್ಲ. ಉತ್ಸವದವರು ಹೆಸರು ಬರೆಯದಿದ್ದರೆ ಬೇಡ. ನಿಮ್ಮ ಹೆಸರಿನ ಶಾಲೆಯ ಮಕ್ಕಳು ಈಗ ಹೊರಗೆ ಚಾಪೆ ಹಾಸಿಕೊಂಡು ಕೂತಿದ್ದಾರೆ. ನಾಳೆ ಬೆಳಿಗ್ಗೆ ಇನ್ನೊಂದು ಪಾಠ ಚಿತ್ರಿಸಿ ಪುಟ್ಟಿಗೆ ಕಳಿಸಿ. ಇಷ್ಟೇ ನನ್ನ ಬೇಡಿಕೆ.

ಮಿಸ್ ತಾಳ ಹಿಡಿದು ಕೂತಾಯಿತು, ನನ್ನ ಕಡೆಗೇ ನೋಡುತ್ತಿದ್ದಾರೆ. ಹತ್ತೊಂಬತ್ತು ವರ್ಷದ ಅಭ್ಯಾಸ, ಎಡಗಾಲು ತಾನೇ ಮೊದಲು ಏಳಲು ತುಡಿಯುತ್ತಿದೆ. ಮೈಯ ಭಾರವನ್ನೆಲ್ಲ ಅದರ ಮೇಲೆ ಊರಿ, ನಿಂತುಕೊಂಡೇ ಈ ಕೊನೆಯ ಸಾಲು ಬರೆಯುತ್ತಿದ್ದೇನೆ.

ನಿಮ್ಮ,
ನೇಸರಿ