ಷರಾ ಕಾಲಂ

ಮಾರ್ಚ್ ೧೨, ಬುಧವಾರ

ಪ್ರೀತಿಯ ಪೆನ್ಸಿಲ್‌ಗೆ,

ಇಲ್ಲಿ ನಾವಿಬ್ಬರೂ ಎದ್ದು ಓಡಾಡಿಕೊಂಡಿದ್ದೇವೆ, ನಿಮ್ಮ ಮನೆಯಲ್ಲೂ ಹಾಗೆಯೇ ಅಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ಮೂರು ತಿಂಗಳಾಯಿತು. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ ಎಂದು ನಿವೃತ್ತನಾದವನು ಹೇಳಿದರೆ ಯಾರು ನಂಬುತ್ತಾರೆ? ಬರೆಯುವ ಮನಸ್ಸಿರಲಿಲ್ಲ. ರಸ್ತೆ ಉದ್ಘಾಟನೆಯ ದಿನ ಫೋನಿನಲ್ಲಿ ಜ್ವರ ಎಂದದ್ದೂ ಸುಳ್ಳೇ. ಮಹಡಿಯ ಕಿಟಕಿಯ ಪರದೆ ಒಂದಿಷ್ಟು ಸರಿಸಿ, ಜನ ಸಾಲುಗಟ್ಟಿ ನಿನ್ನ ಕೈ ಕುಲುಕುವುದನ್ನು ನೋಡುತ್ತಾ ಕೂತಿದ್ದೆ.

ಹೊಟ್ಟೆಕಿಚ್ಚು ಕಣೋ. ಈ ವಯಸ್ಸಿನಲ್ಲಿ ಸುತ್ತಿ ಬಳಸಿ ಹೇಳುವುದೇನು? ನಗರ ಕಚೇರಿಯ ರಸ್ತೆ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಒಂದೇ ಮೇಜಿನ ಆ ಬದಿ ಈ ಬದಿ ಕೂತವರು ನಾವು. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದ ನಿನಗೆ ಆ ಅಡ್ಡಹೆಸರಿಟ್ಟವನೂ, ವಾಹನ ಎಣಿಸುವುದನ್ನು ಹೇಳಿಕೊಟ್ಟವನೂ ನಾನು: ನಾಲ್ಕು ಗೀಟು, ಐದನೆಯದು ಅಡ್ಡ. ನಮ್ಮ ಮನೆ ಮುಂದಿನ ರಸ್ತೆಯನ್ನು ಎರಡು ಪಟ್ಟು ಅಗಲ ಮಾಡಿದ ನಕ್ಷೆ ನನ್ನದು. ಫುಟ್‌ಪಾತ್ ತೆಗೆಸಿದೆ, ನನ್ನ ಗೇಟಿನೆದುರಿನ ಎರಡು ಮರಗಳನ್ನೂ ಬಿಡಲಿಲ್ಲ. ಸ್ವಂತ ಮನೆಗೂ ರಿಯಾಯಿತಿ ಇಲ್ಲ ಎಂದು ಕಚೇರಿಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದ್ದೆ. ಈಗ ನನ್ನ ಕುರ್ಚಿಗೆ ನೀನು ಬಂದು ಅದನ್ನೇ ಕಿರಿದು ಮಾಡಿ ಫುಟ್‌ಪಾತ್, ಬೆಂಚು, ಸಸಿ ಹಾಕಿಸಿದೆ, ಊರೆಲ್ಲ ನಿನ್ನನ್ನು ಹೊಗಳುತ್ತಿದೆ. ನಾನು ಎಳೆದ ಗೆರೆ ಅಳಿಸಿ ನೀನು ಹೆಸರು ಮಾಡಿದೆಯಲ್ಲ, ಅದು ನನಗೆ ಜೀರ್ಣವಾಗುತ್ತಿಲ್ಲ.

ತಪ್ಪು ಹಿಡಿಯಲೆಂದೇ ಟೇಪು ತೆಗೆದುಕೊಂಡು ಹೋದೆ. ಬೆಂಚಿನ ಎತ್ತರ ಅಳೆದೆ, ಗಾಲಿಕುರ್ಚಿ ಹತ್ತುವ ಇಳಿಜಾರು ಅಳೆದೆ, ಸಸಿಯಿಂದ ಸಸಿಗೆ ಎಷ್ಟು ದೂರ ಎಂದು ಅಳೆದೆ. ಎಲ್ಲ ಸರಿಯಾಗಿತ್ತು, ಹಾಳಾದ್ದು. ಕೊನೆಗೆ ಔಷಧಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಒಂದು ಸ್ಕ್ರೂ ಕಾಲಿಂಚು ಮೇಲೆದ್ದಿದ್ದು ಸಿಕ್ಕಿತು. ಅವತ್ತು ಒಳ್ಳೆ ನಿದ್ದೆ ಬಂತು.

ಸಂಜೆ ಕಿಟಕಿಯಲ್ಲಿ ಕೂತು ಗಾಡಿ ಎಣಿಸುವ ಚಟ ಇನ್ನೂ ಬಿಟ್ಟಿಲ್ಲ. ನಿನ್ನ ದೆಸೆಯಿಂದ ಲೆಕ್ಕ ಅರ್ಧಕ್ಕಿಳಿದಿದೆ. ಮೊದಲು ಪುಟ ತುಂಬುತ್ತಿತ್ತು, ಈಗ ಪೆನ್ನು ಹಿಡಿದು ಸುಮ್ಮನೆ ಕೂತಿರುತ್ತೇನೆ.

ಇನ್ನು ನನ್ನ ಹೆಂಡತಿ, ನಿನ್ನ ಅತ್ತಿಗೆಯ ವಿಷಯ. ಅವಳ ಅಕ್ಕನ ಮನೆ ರಸ್ತೆಯ ಆ ಕಡೆ, ನಮಗೆ ನೇರ ಎದುರು ಎಂಬುದು ನಿನಗೆ ಗೊತ್ತು. ಎರಡು ವರ್ಷ ಇವರಿಬ್ಬರೂ ಮುಖ ನೋಡಿರಲಿಲ್ಲ, ಬರೀ ಫೋನು. ಏನೋ ಮನಸ್ತಾಪ, ಅಕ್ಕತಂಗಿಯರ ನಡುವೆ ನಾನೇಕೆ ತಲೆ ಹಾಕಲಿ ಎಂದು ಸುಮ್ಮನಿದ್ದೆ. ಈಗ ಐದು ಗಂಟೆಯಾದರೆ ಸಾಕು, ಇಬ್ಬರೂ ನಿನ್ನ ಬೆಂಚಿನ ಮೇಲೆ. ಅಷ್ಟು ನಗುವುದು ಏನಿರುತ್ತದೋ, ಮಹಡಿಗೂ ಕೇಳಿಸುತ್ತದೆ. ರಾಜಿ ಯಾವಾಗ ಆಯಿತು ಎಂದು ಕೇಳಿದರೆ, ನನ್ನನ್ನೇ ವಿಚಿತ್ರವಾಗಿ ನೋಡಿ, "ನಾವು ಜಗಳ ಆಡಿದ್ದು ಯಾವಾಗ?" ಅಂದಳು. ನಾನು ಗಾಡಿ ಎಣಿಸಲು ಕಿಟಕಿಗೆ ಹೋದೆ.

ರಸ್ತೆಯ ನಡುವೆ ನಮ್ಮ ಗೇಟಿಗೆ ಸರಿಯಾಗಿ ನಿಲ್ಲುವ ಕಟ್ಟೆ ಕಟ್ಟಿಸಿದ್ದೀಯಲ್ಲ, ಅವಳಿಗೆ ಅದರದ್ದೇ ಧ್ಯಾನ. "ಅರ್ಧ ದಾಟಿ ಅಲ್ಲಿ ಉಸಿರು ತಗೋತೀನಿ, ಆಮೇಲೆ ಇನ್ನರ್ಧ. ಅವನಿಗೆ ಅದು ಹೆಂಗೆ ಹೊಳೀತೋ. ಬಂದ್ರೆ ಮೊದಲು ನಂಗೆ ಹೇಳಿ, ಅವನ ಹತ್ರ ಮಾತಾಡ್ಬೇಕು" ಎನ್ನುತ್ತಾಳೆ. ಮೂವತ್ತೆಂಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವಳು ಒಂದು ಒಳ್ಳೆಯ ಮಾತಾಡಿದ್ದು ನೆನಪಿಲ್ಲ. ನಾನು ಕೇಳಿಯೂ ಇರಲಿಲ್ಲ ಅನ್ನು. ಆದರೂ ಆ ಮಾತು ಕೇಳಿ ಅವತ್ತೇ ಟೇಪು ಹಿಡಿದು ಆ ಕಟ್ಟೆಯನ್ನೂ ಅಳೆದು ಬಂದೆ.

ಇಷ್ಟು ಕಕ್ಕಿಕೊಂಡ ಮೇಲೆ ಸ್ವಲ್ಪ ಹಗುರವಾಗಿದೆ. ನಿನ್ನ ಕೈ ಗಟ್ಟಿಯಾಗಿರಲಿ, ಇನ್ನೂ ನಾಲ್ಕು ರಸ್ತೆಗಳಲ್ಲಿ ಜನ ನಿನ್ನ ಹೆಸರು ಹೇಳಿಕೊಂಡು ನೆಮ್ಮದಿಯಾಗಿ ನಡೆಯಲಿ. ಹಾರೈಕೆ ಹುಳಿ ಹುಳಿಯಾಗಿದ್ದರೆ ಸಹಿಸಿಕೋ. ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ
ಮೇಜಿನಾಚೆಯ ಅಣ್ಣ

ಮರೆತ ಮಾತು: ಸಹಿ ಹಾಕಿದ ಮೇಲೆ, ನಿನ್ನ ಲೆಕ್ಕದಲ್ಲೂ ಒಂದು ತಪ್ಪು ಹುಡುಕಿ ಸೇರಿಸೋಣವೆಂದು, ನಿನ್ನ ಪತ್ರದೊಡನೆ ಬಂದು ಡ್ರಾಯರಿನಲ್ಲಿ ಬಿದ್ದಿದ್ದ ಎಣಿಕೆ ಹಾಳೆಗಳನ್ನು ಈಗ ಬಿಚ್ಚಿದೆ. ಕೆಲಸ ಶುರುವಾಗುವ ಮುಂಚೆ ನೀನು ಎದುರಿನ ಬಸ್ ನಿಲ್ದಾಣದಲ್ಲಿ ಐದು ಸಂಜೆ ಕೂತು ಎಣಿಸಿದ್ದು. ಕೊನೆಯ ಷರಾ ಕಾಲಂ ಖಾಲಿ ಬಿಡು, ಅಲ್ಲಿ ಏನಾದರೂ ಬರೆದರೆ ಮೇಲಿನವರು ಪ್ರಶ್ನೆ ಕೇಳುತ್ತಾರೆ ಎಂದು ನಾನು ಕಲಿಸಿದ್ದೆ. ನೀನು ಕೇಳಿಲ್ಲ. ಮೊದಲ ಸಂಜೆ ಅಲ್ಲಿ ಬರೆದಿದ್ದೀಯ: "ಹಸಿರು ಶಾಲಿನ ಹಿರಿಯ ಹೆಂಗಸು. ರಸ್ತೆಯ ಅಂಚಿಗೆ ಬಂದು ಹನ್ನೆರಡು ನಿಮಿಷ ನಿಂತರು. ದಾಟಲಾಗದೆ ಹಿಂದಿರುಗಿದರು." ಎರಡನೆಯ ಸಂಜೆ ಒಂಬತ್ತು ನಿಮಿಷ. ಐದನೆಯ ಸಂಜೆ ಇಪ್ಪತ್ತು. ಯಾವ ಮನೆಯವರು ಎಂದು ಬರೆದಿಲ್ಲ. ಆ ಶಾಲು ನಿನ್ನ ಅತ್ತಿಗೆಗೆ ನಾನೇ ತಂದುಕೊಟ್ಟದ್ದು.

ಅದೇ ತಾರೀಖಿನ ನನ್ನ ಪುಸ್ತಕವನ್ನೂ ತೆಗೆದು ನೋಡಿದೆ. ಅದೇ ಗಂಟೆ, ಅದೇ ರಸ್ತೆ. ಬಸ್ಸು, ಲಾರಿ, ಕಾರು, ಬೈಕು ಎಲ್ಲ ನಿನ್ನ ಲೆಕ್ಕಕ್ಕೆ ಸರಿಯಾಗಿ ತಾಳೆಯಾಗುತ್ತದೆ, ಒಂದು ಗಾಡಿಯೂ ತಪ್ಪಿಲ್ಲ. ನನ್ನ ಕಿಟಕಿಯ ಕೆಳಗೇ ಅವಳು ನಿಂತಿದ್ದಳು. ನನ್ನ ಪುಸ್ತಕದಲ್ಲಿ ಅವಳಿಲ್ಲ.