ಮೂರನೇ ಮಹಡಿಯ ತೂಕಡಿಕೆ

ಹೆಬ್ಬಾಳ, ಜುಲೈ 2016

ಮಗಳು ವೇಣಿಗೆ,

ನಿನ್ನ ರಾಜೀನಾಮೆಯ ಮೇಲೆ ಈ ಕಾಗದ ಪಿನ್ ಮಾಡಿದ್ದೇನೆ, ಮೊದಲು ಇದನ್ನು ಓದು. ಮಧ್ಯಾಹ್ನ ತೂಕಡಿಸುತ್ತೀಯೆಂದು ಮ್ಯಾನೇಜರ್ ಬೈದಾಗ ನಾನೂ "ಸೋಂಬೇರಿ ಆಗ್ಬಿಟ್ಟೆ ಕಣೇ" ಅಂದಿದ್ದೆ.

ನಿನ್ನೆ ಸಂಜೆ ಗಾಳಿ ಅಳೆಯುವವರು ನಿಮ್ಮ ಆಫೀಸಿರುವ ಮೂರನೇ ಮಹಡಿಗೆ ಮೀಟರ್ ತಂದರು. ಕಾರ್ಬನ್ ಡೈಆಕ್ಸೈಡ್ ಎರಡು ಸಾವಿರ ಪಿಪಿಎಂ ದಾಟಿತ್ತು, ಸಾವಿರದೊಳಗೆ ಇರಬೇಕಂತೆ. "ಇಲ್ಲಿ ಯಾರ್ ಕೂತ್ರೂ ನಿದ್ದೆ ಬರುತ್ತೆ ಕಣ್ರೀ. ಹೊರಗಿನ ಗಾಳಿ ಬರೋ ಕಿಂಡಿ ಮುಚ್ಚಿದ್ಯಾರು?" ಎಂದರು.

ಮುಚ್ಚಿದವನು ನಾನೇ. ರಸ್ತೆ ಕೆಲಸದ ಧೂಳಿಗೆ ನೀನು ಕೆಮ್ಮುತ್ತಿದ್ದೆ. ಕಟ್ಟಡದ ಮೇಂಟೆನೆನ್ಸ್ ನನ್ನದೇ ಅಲ್ಲವೇ, ರಟ್ಟು ತುರುಕಿದ್ದೆ. ತೆಗೆದ ಮೇಲೆ ಏಳುನೂರಕ್ಕೆ ಇಳಿಯಿತು. ಮ್ಯಾನೇಜರ್ ಮುಂದೆಯೂ ತಪ್ಪೊಪ್ಪಿಕೊಂಡೆ. "ಅದಕ್ಕೇ ನಂಗೂ ಐದೈದು ಕಾಫಿ ಬೇಕಾಗ್ತಿತ್ತು!" ಎಂದು ನಕ್ಕರು.

ಇವತ್ತು ಮಧ್ಯಾಹ್ನ ಮೂರರವರೆಗೆ ಕೂತು ನೋಡು. ಆಗಲೂ ಬೇಡವೆನಿಸಿದರೆ ರಾಜೀನಾಮೆಯನ್ನು ನಾನೇ ಕೊಟ್ಟು ಬರುತ್ತೇನೆ.

ನಿನ್ನಪ್ಪ,
ರಾಮಕೃಷ್ಣಪ್ಪ